ಗಢದಿಂದ ತಂದ ನೀರು

ಹದಿನಾಲ್ಕನೆಯ ದಿನ ಬೆಳಗ್ಗೆ ಹಾಲಿನವನು ಎಂದಿನಂತೆ ಬಾಗಿಲ ಹಿಡಿಗೆ ಎರಡು ಪ್ಯಾಕೆಟ್ ಸಿಕ್ಕಿಸಿ ಹೋಗಿದ್ದ. ಅಮೂಲ್ಯ ಎರಡನ್ನೂ ಒಳಗೆ ತಂದಳು. ಒಂದನ್ನು ಕಾಯಿಸಲಿಟ್ಟಳು, ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟಳು. ನಾಳೆಯಿಂದ ಒಂದೇ ಸಾಕು ಎಂದು ಚೀಟಿ ಬರೆದಿಡಬೇಕಿತ್ತು. ಕಾಗದ ತೆಗೆದು, ಪೆನ್ನು ಹಿಡಿದು ಕೂತಳು. ಹಾಲು ಉಕ್ಕಿ ಒಲೆ ಆರಿದ ವಾಸನೆ ಮೂಗಿಗೆ ಬಡಿಯುವವರೆಗೂ ಹಾಗೇ ಕೂತಿದ್ದಳು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ, ಮಾವ, ಮೈದುನ ಗಗನ್ ಹಿಂದಿನ ರಾತ್ರಿಯ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಹೋಗಿದ್ದರು. ನೀನೂ ಬಂದುಬಿಡು ಎಂದು ಅತ್ತೆ ಮೂರು ಸಲ ಕರೆದರು. ಸೋಮವಾರ ಕೆಲಸಕ್ಕೆ ಹೋಗಬೇಕು ಎಂದು ಅಮೂಲ್ಯ ಮೂರು ಸಲವೂ ಒಂದೇ ಉತ್ತರ ಕೊಟ್ಟಳು. ಕೆಲಸದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಬೇರೆ ಉತ್ತರ ಹುಡುಕುವ ಶಕ್ತಿ ಇರಲಿಲ್ಲ, ಅಷ್ಟೇ.

ಅವಳ ಗಂಡ ಪೃಥ್ವಿ ತೀರಿಕೊಂಡದ್ದು ಕಚೇರಿಯಲ್ಲಿ. ಮೂವತ್ತನಾಲ್ಕು ವರ್ಷ. ತಲೆನೋವು ಎಂದು ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಮಿದುಳಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಅಂದಿನಿಂದ ಅಮೂಲ್ಯಳ ಕಿವಿಯೊಳಗೆ ಹತ್ತಿ ತುರುಕಿದ ಹಾಗಿತ್ತು. ಜನ ಅಳುವುದು ಕಾಣುತ್ತಿತ್ತು, ಮಂತ್ರ ಹೇಳುವುದು ಕಾಣುತ್ತಿತ್ತು; ಯಾವುದೂ ಹತ್ತಿರ ಬರುತ್ತಿರಲಿಲ್ಲ.

ಎಂಟೂವರೆಗೆ ಫೋನು ಬಡಿದುಕೊಂಡಿತು.

"ಅಮೂಲ್ಯ, ನಾನು ರತ್ನಪ್ರಭಾ. ಜನಕಪುರಿಯಿಂದ. ದಕ್ಷಿಣಾಮೂರ್ತಿಗಳ ಕೆಳಗಿನ ಮನೆ. ಗೊತ್ತಾಯ್ತಾ?"

"ಗೊತ್ತಾಯ್ತು ಆಂಟಿ."

"ನೋಡಮ್ಮಾ, ನಾನು ಫೋನ್ ಮಾಡಿದೆ ಅಂತ ಅವರಿಗೆ ಹೇಳಬೇಡ. ಇಂಥ ಹೊತ್ತಲ್ಲಿ ಕೇಳಬಾರದು, ನನಗೂ ತಿಳಿಯುತ್ತೆ. ಆದ್ರೆ ಆ ಮನುಷ್ಯ ಬಾಯಿ ಬಿಡೋಲ್ಲ. ಅವರ ಕಾರು ನಿಮ್ಮ ಹತ್ತಿರವೇ ಇದೆಯಲ್ಲವಾ?"

ಅಮೂಲ್ಯ ಕಿಟಕಿಯಿಂದ ಕೆಳಗೆ ನೋಡಿದಳು. ದೆಹಲಿಯ ಅಂಚಿನ ವೈಶಾಲಿ ಬಡಾವಣೆಯ ಆ ನಾಲ್ಕು ಮಹಡಿಯ ಕಟ್ಟಡದ ಗೇಟಿನ ಪಕ್ಕ ಬಿಳಿ ಮಾರುತಿ ಎಂಟುನೂರು ಧೂಳು ಹೊದ್ದು ನಿಂತಿತ್ತು. ಅಪ್ಪ ಅಮ್ಮನನ್ನು ನಿಜಾಮುದ್ದೀನ್ ಸ್ಟೇಷನ್ನಿನಿಂದ ಕರೆತರಬೇಕು, ಎರಡು ದಿನಕ್ಕೆ ಕೊಡಿ ಎಂದು ಪೃಥ್ವಿ ಕೇಳಿ ತಂದ ಕಾರು. ಮೂರನೆಯ ದಿನ ಅವನೇ ಇರಲಿಲ್ಲ. ಆಮೇಲೆ ಅದು ಯಾರದು ಎಂದು ಯಾರೂ ಕೇಳಲಿಲ್ಲ. ಸ್ಮಶಾನಕ್ಕೆ, ಅಂಗಡಿಗೆ, ಅಸ್ಥಿ ಬಿಡಲು ಗಂಗೆಯ ದಡದ ಗಢಮುಕ್ತೇಶ್ವರಕ್ಕೆ ಎಲ್ಲದಕ್ಕೂ ಗಗನ್ ಅದನ್ನೇ ಓಡಿಸಿದ್ದ.

"ಇದೆ ಆಂಟಿ."

"ಸೀತಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಎರಡು ವಾರದಿಂದ ಆಟೋದಲ್ಲಿ ಕರ್ಕೊಂಡು ಹೋಗ್ತಿದ್ದಾರೆ. ಇವತ್ತು ಆಟೋ, ಟ್ಯಾಕ್ಸಿ ಎಲ್ಲಾ ಹಡ್ತಾಲು, ಒಂದೂ ಓಡ್ತಿಲ್ಲ. ನಮ್ಮವರು ಕಾರು ತಗೊಂಡು ಚಂಡೀಗಢಕ್ಕೆ ಹೋಗಿದ್ದಾರೆ. ಆಂಬುಲೆನ್ಸಿಗೆ ಹೇಳಿದರೆ ಸಂಜೆ ನೋಡೋಣ ಅಂತಾರೆ. ಮೂರು ಗಂಟೆಗೆ ಮೆಷೀನು. ತಪ್ಪಿದರೆ ಸೋಮವಾರವೇ. ಹೋದ ತಿಂಗಳು ಒಂದು ಸಲ ತಪ್ಪಿ ಶ್ವಾಸಕೋಶಕ್ಕೆ ನೀರು ತುಂಬಿಕೊಂಡು ಐಸಿಯುಗೆ ಹಾಕಿದ್ರು. ಇವತ್ತು ಬೆಳಗ್ಗೆಯಿಂದಲೇ ಮುಖ ಊದಿದೆ, ಮಲಗೋಕಾಗದೆ ಕೂತೇ ಇದ್ದಾರೆ."

"ನಾನು ತರ್ತೀನಿ."

"ನೀನಾ? ಯಾರಾದರೂ ಡ್ರೈವರು..."

"ಮಧ್ಯಾಹ್ನ ಎರಡರೊಳಗೆ ತರ್ತೀನಿ ಆಂಟಿ."

ಫೋನಿಟ್ಟು ಅವಳು ಕಾರಿನ ಕೀಲಿಕೈ ಹುಡುಕಿ ತೆಗೆದಳು. ಹದಿನಾಲ್ಕು ದಿನದಲ್ಲಿ ಮೊದಲ ಸಲ ಏನೋ ಒಂದು ಹತ್ತಿರ ಬಂದಿತ್ತು. ದೆಹಲಿಗೆ ಬಂದ ಹೊಸದರಲ್ಲಿ ಮನೆ ಸಿಗದೆ ಅವಳೂ ಪೃಥ್ವಿಯೂ ಎರಡು ತಿಂಗಳು ಇದ್ದದ್ದು ದಕ್ಷಿಣಾಮೂರ್ತಿಗಳ ಮುಂದಿನ ಕೋಣೆಯಲ್ಲಿ. ದಿನಾ ಬೆಳಗ್ಗೆ ಡಬ್ಬಿ ಕಟ್ಟಿಕೊಡುತ್ತಿದ್ದವರು ಅವರ ಹೆಂಡತಿ ಸೀತಮ್ಮ. ಆಕೆ ಉಸಿರಿಗೆ ಒದ್ದಾಡುತ್ತ ಆಟೋದಲ್ಲಿ ಕುಲುಕಿಕೊಂಡು ಹೋಗುತ್ತಿದ್ದಾಗ ಈ ಕಾರು ಇಲ್ಲಿ ಬಿಸಿಲು ಕಾಯುತ್ತಿತ್ತು. ಮಹಡಿಯ ಮೇಲೆ ತಾನಿದ್ದೂ ನೆನಪಾಗಲಿಲ್ಲ.

ಅಮೂಲ್ಯಳ ಹತ್ತಿರ ಲೈಸೆನ್ಸು ಇತ್ತು. ಭಾನುವಾರಗಳಂದು ಇದೇ ಕಾರಿನಲ್ಲಿ ಪೃಥ್ವಿ ಅವಳಿಗೆ ಕಲಿಸಿದ್ದ. ದೆಹಲಿಯ ಇನ್ನೊಂದು ತುದಿಯ ಜನಕಪುರಿಯ ಬ್ಲಾಕುಗಳ ಸುತ್ತ ಬಿಟ್ಟರೆ ಬೇರೆಲ್ಲೂ ಅವಳು ಓಡಿಸಿರಲಿಲ್ಲ. ಯಾರಾದರೂ ಡ್ರೈವರ್ ಸಿಗುತ್ತಾರೇನೋ ಎಂದು ಒಂದು ಗಂಟೆ ಫೋನು ತಿರುಗಿಸಿದಳು. ಸಿಗಲಿಲ್ಲ. ಕಾರಿನ ಬ್ಯಾಟರಿ ಸೊರಗಿತ್ತು. ಗೇಟಿನ ಚೌಕೀದಾರನೂ ಇಸ್ತ್ರಿಯವನೂ ಹಿಂದಿನಿಂದ ತಳ್ಳಿದ ಮೇಲೆ ಕಾರು ಕೆಮ್ಮಿ ಎದ್ದಿತು. ಹೊತ್ತು ಹತ್ತೂಕಾಲು.

ಆನಂದ ವಿಹಾರ ದಾಟುವಷ್ಟರಲ್ಲಿ ಮುಳ್ಳು ಮೇಲೇರತೊಡಗಿತು.

ಮೊದಲು ಅವಳಿಗೆ ಅದೇನೆಂದು ತಿಳಿಯಲಿಲ್ಲ. ಸ್ಟೀರಿಂಗಿನ ಹಿಂದೆ ವೇಗದ ಗಡಿಯಾರದ ಪಕ್ಕ ಇನ್ನೊಂದು ಸಣ್ಣ ಗಡಿಯಾರ, ಕೆಳಗೆ ತಂಪು, ಮೇಲೆ ಬಿಸಿ. ಯಾವಾಗಲೂ ನಡುವಿನಲ್ಲಿರುತ್ತಿದ್ದ ಮುಳ್ಳು ಮುಕ್ಕಾಲಿಗೆ ಬಂದಿತ್ತು. ರಸ್ತೆ ಖಾಲಿ ಇತ್ತು, ಆಟೋಗಳಿರಲಿಲ್ಲ, ಕಾರು ಸಲೀಸಾಗಿ ಓಡುತ್ತಿತ್ತು. ಓಡುವಾಗ ಗಾಳಿ ಬಡಿದು ತಣ್ಣಗಾಗಬೇಕಲ್ಲ ಎಂದುಕೊಂಡಳು. ಮುಳ್ಳು ಏರುತ್ತಲೇ ಹೋಯಿತು. ಕಡ್ಕಡ್ಡೂಮದ ಹತ್ತಿರ ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಬೆಳ್ಳಗೆ ಹಬೆ ಎದ್ದು ಮುಂದಿನ ಗಾಜು ಮಬ್ಬಾಯಿತು. ಕಾರನ್ನು ಪಕ್ಕದ ಸಣ್ಣ ರಸ್ತೆಗೆ ತಿರುಗಿಸುವುದಕ್ಕೂ ಎಂಜಿನ್ನು ಎರಡು ಸಲ ಒದರಿ ಸುಮ್ಮನಾಗುವುದಕ್ಕೂ ಸರಿಹೋಯಿತು.

ಅಲ್ಲೊಂದು ಅರಳಿಮರ, ಮರದ ಕೆಳಗೆ ತಗಡಿನ ವರ್ಕ್‌ಶಾಪು, ಅದರ ಪಕ್ಕ ಪಂಕ್ಚರ್ ಅಂಗಡಿ. ಹಡ್ತಾಲಿನ ಐದಾರು ಆಟೋಗಳು ನೆರಳಲ್ಲಿ ನಿಂತಿದ್ದವು. ಡ್ರೈವರುಗಳು ಇಸ್ಪೀಟಾಡುತ್ತಿದ್ದರು.

"ಅರೆ ವಾಹ್ ಮೇಡಂ," ಎಂದ ಒಬ್ಬ ಎಲೆ ಎಸೆಯುತ್ತ, "ನಿಮ್ಮ ಗಾಡಿನೂ ನಮ್ಮ ಯೂನಿಯನ್ ಸೇರಿಕೊಳ್ತಾ?"

ಎಲ್ಲರೂ ನಕ್ಕರು. ಅಮೂಲ್ಯ ಕಾರಿಳಿದು ನೇರ ಅವನ ಹತ್ತಿರವೇ ಹೋದಳು.

"ಭಯ್ಯಾ, ಜನಕಪುರಿಯಲ್ಲಿ ಒಬ್ಬರು ರೋಗಿ ಇದ್ದಾರೆ. ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ನೀವು ಬರ್ತೀರಾ? ಏನು ಕೇಳಿದರೂ ಕೊಡ್ತೀನಿ."

ಅವನ ನಗು ಇಳಿಯಿತು. "ಇವತ್ತು ಬಂದರೆ ಐಟಿಓ ಸೇತುವೆ ದಾಟೋ ಮೊದಲೇ ನಮ್ಮವರೇ ಟೈರು ಕೊಯ್ತಾರೆ, ದೀದಿ. ರೋಗಿ ನಡುರಸ್ತೇಲಿ ಉಳೀತಾರೆ. ನಾಳೆ ಆಗಿದ್ರೆ ಹೇಳಿಸಿಕೊಳ್ತಾನೇ ಇರಲಿಲ್ಲ."

ಅವಳು ಹಿಂದಿರುಗಿ ಬಂದು ಬಾನೆಟ್ ಎತ್ತಿದಳು. ಮುಂದಿನ ಜಾಲರಿಯ ಮೇಲೆ ರೇಡಿಯೇಟರಿನ ಮುಚ್ಚಳ ಬುಸುಗುಡುತ್ತಿತ್ತು. ನೀರು ಹಾಕಬೇಕು ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು. ದುಪಟ್ಟಾದ ತುದಿಯನ್ನು ಕೈಗೆ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಿದಳು.

"ಹಾಥ್ ಮತ್ ಲಗಾನಾ!"

ಮುಟ್ಟಬೇಡಿ ಎಂಬ ಆ ಕೂಗಿಗೆ ಅವಳ ಕೈ ಅಲ್ಲೇ ನಿಂತಿತು. ವರ್ಕ್‌ಶಾಪಿನೊಳಗಿಂದ ಐವತ್ತು ದಾಟಿದ ಎತ್ತರದ ಆಳು ಓಡಿ ಬಂದು ಅವಳನ್ನು ಪಕ್ಕಕ್ಕೆ ಸರಿಸಿದ. ತಲೆಗೆ ಗಮ್ಚಾ ಸುತ್ತಿದ್ದ. "ಮುಖ ಬೇಯಿಸಿಕೊಳ್ಳಬೇಕು ಅಂತಿದೀರಾ, ಬೆಹನ್‌ಜಿ? ಈಗ ತೆಗೆದರೆ ನೀರು ಬಾಂಬಿನ ಹಾಗೆ ಎಗರುತ್ತೆ."

"ನಾನು ಎರಡು ಗಂಟೆಗೆ ಜನಕಪುರಿಯಲ್ಲಿರಬೇಕು."

"ಇರುವಿರಂತೆ. ಮೊದಲು ಅದು ತಣ್ಣಗಾಗಲಿ."

"ಎಷ್ಟು ಹೊತ್ತು?"

"ಅದರ ಸಿಟ್ಟು ಇಳಿಯೋಷ್ಟು."

ಅವನ ಹೆಸರು ಓಂಪಾಲ್. ಒದ್ದೆ ಗೋಣಿಚೀಲ ತಂದು ರೇಡಿಯೇಟರಿನ ಮೇಲೆ ಹೊದಿಸಿದ, ಅದು ಒಣಗಿದ ಹಾಗೆಲ್ಲ ಮತ್ತೆ ನೆನೆಸಿದ. ಅಮೂಲ್ಯ ಕೈಗಡಿಯಾರ ನೋಡುತ್ತ ನಿಂತಳು. ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಕೂರಲು ಹಳೆಯ ಫಿಯಟ್ಟಿನ ಸೀಟು ತೋರಿಸಿದರೆ ಅವಳು ಕೂರಲಿಲ್ಲ. ಇಸ್ಪೀಟಿನವರಲ್ಲಿ ಒಬ್ಬ ಎದ್ದು ಬಂದು ಒಳಗೆ ಬಗ್ಗಿ ನೋಡಿ, "ಎಂಜಿನ್ನಿನ ಹೆಡ್ ಹೋಗಿದೆ. ಬರೆದಿಟ್ಟುಕೊಳ್ಳಿ. ಮೂರು ದಿನದ ಕೆಲಸ" ಎಂದ. ಸಾವಿನ ಮನೆಗೆ ಬಂದವರೂ ಹೀಗೇ ಖಚಿತವಾಗಿ ಮಾತಾಡುತ್ತಿದ್ದರು.

"ನೀನು ಹೋಗಿ ನಿನ್ನ ರಾಣಿನ ನೋಡ್ಕೋ, ಗುಲಾಮ ಎತ್ಕೊಂಡು ಹೋಗ್ತಾನೆ," ಎಂದ ಓಂಪಾಲ್. ಅವಳ ಕಡೆ ತಿರುಗಿ ದನಿ ತಗ್ಗಿಸಿದ. "ಹೆಡ್ ಹೋಗಿದ್ರೆ ನೀರಲ್ಲಿ ಎಣ್ಣೆ ತೇಲುತ್ತೆ. ನೋಡೋಣ. ನಿಂತಾಗ ಬಿಸಿಯಾಗ್ತಿತ್ತೋ, ಓಡುವಾಗಲೋ?"

"ಓಡುವಾಗ. ಓಡಿದಷ್ಟೂ ಜಾಸ್ತಿ."

"ಹಾಗಾದರೆ ಫ್ಯಾನಿನದಲ್ಲ." ಅವನು ತಲೆಯಾಡಿಸಿದ. ಸರಿಯಾಗಿ ನೋಡಿ ಹೇಳುವ ಗಿರಾಕಿ ಸಿಕ್ಕಿದ್ದಕ್ಕೆ ಅವನಿಗೆ ಸಮಾಧಾನವಾದಂತಿತ್ತು.

ಹನ್ನೊಂದೂವರೆಗೆ ಗೋಣಿ ತೆಗೆದು, ಮುಚ್ಚಳವನ್ನು ಬಟ್ಟೆ ಹಾಕಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಉಸ್ ಎಂದು ಉಳಿದ ಉಸಿರು ಹೋಯಿತು. ಮುಚ್ಚಳದ ಒಳಗಿನ ರಬ್ಬರು ಬಿಸ್ಕತ್ತಿನ ಹಾಗೆ ಒಡೆದಿತ್ತು. "ಇದು ಸತ್ತು ತಿಂಗಳಾಗಿದೆ. ನೀರು ಇಲ್ಲಿಂದಲೇ ಹೋಗಿದೆ." ಕಡಿಮೆಯಾಗಿದ್ದಷ್ಟು ನೀರು ತುಂಬಿಸಿ ಅವಳಿಗೆ ಎಂಜಿನ್ ಹಚ್ಚಲು ಹೇಳಿದ. ಎಣ್ಣೆ ತೇಲಲಿಲ್ಲ, ಗುಳ್ಳೆ ಏಳಲಿಲ್ಲ. ಫ್ಯಾನು ತಾನಾಗಿ ತಿರುಗಿತು. ಓಂಪಾಲ್ ಮೇಲಿನ ರಬ್ಬರ್ ಕೊಳವೆ ಮುಟ್ಟಿ ಕೈ ಝಾಡಿಸಿದ. ಕೆಳಗಿನ ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದ. ಆಮೇಲೆ ಎಂಜಿನ್ ಆರಿಸಲು ಸನ್ನೆ ಮಾಡಿ, ಅಂಗೈಯನ್ನು ರೇಡಿಯೇಟರಿನ ಮೈಮೇಲೆ ಮೇಲಿಂದ ಕೆಳಕ್ಕೆ ಹರಿಸಿದ, ಮಗುವಿನ ಜ್ವರ ನೋಡುವ ಹಾಗೆ.

"ಮೇಲೆ ತಂದೂರು ಒಲೆ, ಕೆಳಗೆ ತಣ್ಣೀರಿನ ಮಟ್ಕಾ," ಎಂದ. "ಎಂಜಿನ್ನಿನಿಂದ ಬಿಸಿನೀರು ಮೇಲಿಂದ ಬರುತ್ತೆ, ಈ ಸಣ್ಣ ನಳಿಗೆಗಳಲ್ಲಿ ಇಳೀತಾ ತಣ್ಣಗಾಗಿ ಕೆಳಗಿಂದ ವಾಪಸ್ ಹೋಗಬೇಕು. ಇಲ್ಲಿ ಇಳೀತಾನೇ ಇಲ್ಲ. ದಾರೀಲಿ ಯಾರೋ ಅಡ್ಡ ಕೂತಿದಾರೆ."

ಮತ್ತೆ ಹತ್ತು ನಿಮಿಷ ಕಾದು, ರೇಡಿಯೇಟರಿನ ಬಾಯೊಳಗೆ ಬೆರಳು ಹಾಕಿ ಕೆರೆದು ತೆಗೆದು ಬಿಸಿಲಿಗೆ ಹಿಡಿದ. ಬೆರಳ ತುದಿಯಲ್ಲಿ ಬೂದು ಬಣ್ಣದ ರಾಡಿ. ರಾಡಿಯಲ್ಲಿ ಕರಿಯ ಕಾಳುಗಳು. ಬೆಂದು ಕಂದಾಗಿದ್ದ ಒಂದು ಎಲೆ.

"ಯೇ ಕ್ಯಾ ಹೈ? ತಿಲ್?" ಅವನ ಹುಬ್ಬು ಗಂಟಾಯಿತು. "ಬೆಹನ್‌ಜಿ, ಇಪ್ಪತ್ತೆಂಟು ವರ್ಷದಿಂದ ಗಾಡಿ ನೋಡ್ತಿದ್ದೀನಿ. ರೇಡಿಯೇಟರಿನಲ್ಲಿ ಇಲಿ ಕಂಡಿದ್ದೀನಿ, ಎಳ್ಳು ಕಂಡಿಲ್ಲ. ಈ ಎಲೆ ತುಳಸಿ."

ಅಮೂಲ್ಯ ಆ ಕಾಳುಗಳನ್ನೇ ನೋಡಿದಳು. ಪರ್ಸಿನಲ್ಲಿ ಪೃಥ್ವಿಯ ನೋಕಿಯಾ ಫೋನು ಇತ್ತು. ತೆಗೆದು ಗಗನ್‌ಗೆ ಹಚ್ಚಿದಳು. ಮೊದಲೆರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಯಾರೋ ಎತ್ತಿದರು. ರೈಲಿನ ಸದ್ದು ಮಾತ್ರ.

"ಗಗನ್?"

"ಅತ್ತಿಗೆ..." ಎಂದ ಗಗನ್. "ಸ್ಕ್ರೀನ್ ಮೇಲೆ 'ಅಣ್ಣ' ಅಂತ ಬಂತು. ನಂಗೆ ಎತ್ತೋಕೇ ಆಗಲಿಲ್ಲ."

ಇದು ಅವಳಿಗೆ ಹೊಳೆದೇ ಇರಲಿಲ್ಲ. "ಗಗನ್, ಕಾರಿನ ರೇಡಿಯೇಟರಿಗೆ ಏನು ಹಾಕಿದೆ?"

"ಯಾಕೆ?"

"ಹೇಳು ಬೇಗ. ಸೀತಮ್ಮನವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಕಾರು ರಸ್ತೇಲಿ ನಿಂತಿದೆ."

ಅವನು ಹೇಳಿದ. ಅಸ್ಥಿ ಬಿಟ್ಟು ಗಢದಿಂದ ವಾಪಸ್ ಬರುವಾಗ ಪಿಲ್ಖುವಾದ ಹತ್ತಿರ ಹೀಗೇ ಹಬೆ ಬಂತು. ಸುಡುಮಧ್ಯಾಹ್ನ. ಹಿಂದಿನ ಸೀಟಿನಲ್ಲಿ ಅಪ್ಪ ತಲೆ ತಿರುಗಿ ಮಲಗಿದ್ದರು. ಕೈಪಂಪು ಕೆಟ್ಟಿತ್ತು, ಸುತ್ತ ಒಂದು ಅಂಗಡಿಯೂ ಇರಲಿಲ್ಲ. ಡಿಕ್ಕಿಯಲ್ಲಿ ಐದು ಲೀಟರಿನ ಕ್ಯಾನು ಇತ್ತು. ಹದಿಮೂರನೆಯ ದಿನ ಮನೆಗೆ ಚಿಮುಕಿಸಲು ತುಂಬಿ ತಂದ ಗಂಗೆ. ಅಲ್ಲಿನ ಪಂಡಿತ ಅದಕ್ಕೆ ತುಳಸಿ, ಎಳ್ಳು ಹಾಕಿ ಮಂತ್ರಿಸಿ ಕೊಟ್ಟಿದ್ದ.

"ಪೂರ್ತಿ ಸುರಿದುಬಿಟ್ಟೆ, ಅತ್ತಿಗೆ. ಅಮ್ಮನಿಗೆ ದಾರೀಲಿ ಕ್ಯಾನು ಮಗುಚಿತು ಅಂದೆ. ಎಷ್ಟು ಬೈದ್ರು ಗೊತ್ತಲ್ಲ. ಪಕ್ಕದ ಮನೆಯವರ ಸಣ್ಣ ಸೀಸೆ ತಂದು ಚಿಮುಕಿಸಿದ್ವಿ. ಅತ್ತಿಗೆ, ಇನ್ನೊಂದು. ಅಣ್ಣನ್ನ ಬಿಟ್ಟ ಮೆಟ್ಟಿಲಲ್ಲೇ ನಾನು ಆ ಕ್ಯಾನು ತುಂಬಿದ್ದು. ಬೂದಿ ಇನ್ನೂ ಅಲ್ಲೇ ತೇಲ್ತಾ ಇತ್ತು. ನಾನು ನೋಡ್ಲಿಲ್ಲ... ನೋಡಿದೆ. ಆದ್ರೂ ತುಂಬಿದೆ."

ಸುರಂಗ ಬಂತೋ ಏನೋ, ಫೋನು ಕಡಿದುಹೋಯಿತು.

ಅಮೂಲ್ಯ ಓಂಪಾಲನ ಬೆರಳಿನ ರಾಡಿಯನ್ನು ತೋರಿಸಿ ಕೇಳಿದಳು. "ಇದು ಏನು? ಈ ಬೂದು ಬಣ್ಣದ್ದು?"

"ಸುಣ್ಣ. ಗಡಸು ನೀರಿನ ಸುಣ್ಣ. ದಿಲ್ಲಿಯ ಎಲ್ಲಾ ಗಾಡಿಯಲ್ಲೂ ಕೂತಿರುತ್ತೆ."

"ಖಂಡಿತಾ ಸುಣ್ಣವೇ?"

ಅವನು ಅವಳ ಮುಖ ನೋಡಿದ, ಬರಿದಾದ ಹಣೆ ನೋಡಿದ, ಅವಳ ಕೈಯಲ್ಲಿದ್ದ ಫೋನು ನೋಡಿದ. ಎಳ್ಳು, ತುಳಸಿ. ಲೆಕ್ಕ ಅವನಿಗೆ ಹತ್ತಿತು. "ಗಢದ್ದಾ?" ಎಂದ ಮೆಲ್ಲಗೆ.

ಅವಳು ಹೌದೆಂದಳು. ಯಾವ ಹೊತ್ತಿನಲ್ಲಿ, ಹೇಗೆ ತುಂಬಿದ್ದೆಂದು ಎರಡೇ ಮಾತಿನಲ್ಲಿ ಹೇಳಿದಳು.

ಓಂಪಾಲ್ ಬೆರಳನ್ನು ಗಮ್ಚಾಕ್ಕೆ ಒರೆಸಲು ಹೋಗಿ ಒರೆಸದೆ ಸುಮ್ಮನೆ ಹಿಡಿದುಕೊಂಡ. "ನನ್ನ ಅಪ್ಪನನ್ನೂ ಗಢದಲ್ಲೇ ಬಿಟ್ಟದ್ದು, ಬೆಹನ್‌ಜಿ. ಈ ನೀರು ಪೂರ್ತಿ ಖಾಲಿ ಮಾಡಿ ರೇಡಿಯೇಟರನ್ನ ಉಲ್ಟಾ ತೊಳೀಬೇಕು. ಇಲ್ಲಿ ತೆಗೆದರೆ ನೇರ ನಾಲೆಗೆ ಹೋಗುತ್ತೆ. ಇಡೀ ಊರಿನ ಹೊಲಸು ಹರಿಯೋ ನಾಲೆ. ನನ್ನ ಕೈ ಏಳಲ್ಲ. ಪಾತ್ರೆ ತರಿಸೋಣ, ಪಂಡಿತನ್ನ ಕೇಳೋಣ. ಮನೆಯ ಗಂಡಸರು ಯಾರಾದರೂ ಬಂದು ಮಾಡು ಅಂದ್ರೆ ಮಾಡ್ತೀನಿ."

ಗಡಿಯಾರದಲ್ಲಿ ಹನ್ನೆರಡೂ ಹತ್ತು. ಜನಕಪುರಿಯಲ್ಲಿ ಸೀತಮ್ಮ ಗೋಡೆಗೊರಗಿ ಕೂತು ಒಂದೊಂದೇ ಉಸಿರು ಎಳೆಯುತ್ತಿರಬೇಕು. ಒಳಗೆ ನೀರು ಏರುತ್ತಿರಬೇಕು. ಪಂಡಿತ ಎಲ್ಲಿ ಸಿಗುತ್ತಾನೆ, ಅವನು ಬಂದು ಏನು ಹೇಳುತ್ತಾನೆ, ಮತ್ತೊಂದು ಹೊಳೆಗೆ ಹೋಗಿ ಎನ್ನುತ್ತಾನೆ. ಹದಿಮೂರು ದಿನ ಹೇಳಿದ್ದನ್ನೆಲ್ಲ ಅವಳು ಮಾಡಿದ್ದಳು. ನಿಲ್ಲು ಎಂದಲ್ಲಿ ನಿಂತಿದ್ದಳು, ಕೂರು ಎಂದಲ್ಲಿ ಕೂತಿದ್ದಳು.

"ಮನೆಯ ಗಂಡಸು ಈ ನೀರಲ್ಲೇ ಇದ್ದಾರೆ, ಭಯ್ಯಾ," ಎಂದಳು. "ಬೇರೆ ಯಾರೂ ಬರುವವರಿಲ್ಲ."

ಇಸ್ಪೀಟು ನಿಂತಿತು.

ಅವಳು ನೆಲದ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡು ಬಗ್ಗಿದಳು. ಕೆಳಗಿನ ಕೊಳವೆ ಎಲ್ಲಿದೆ ಎಂದು ಈಗಷ್ಟೇ ನೋಡಿದ್ದಳು. ಕೊಳವೆಯ ಕೊರಳಿಗೆ ಕಬ್ಬಿಣದ ಪಟ್ಟಿ ಬಿಗಿದಿತ್ತು. ತಿರುಪು ಜಾರಿತು, ಮತ್ತೆ ಜಾರಿತು, ಗೆಣ್ಣು ತರಚಿತು. ಯಾವ ಕಡೆಗೆ ತಿರುಗಿಸಬೇಕು ಎಂದು ಯಾರೂ ಹೇಳಲಿಲ್ಲ. ಪಟ್ಟಿ ಸಡಿಲವಾದದ್ದೇ ಎರಡೂ ಕೈಯಲ್ಲಿ ಕೊಳವೆ ಹಿಡಿದು ಎಳೆದಳು. ಒಂದೇ ಏಟಿಗೆ ನೀರು ಧುಮುಕಿತು. ಇನ್ನೂ ಬಿಸಿಯಿತ್ತು, ಸುಡುವಷ್ಟಲ್ಲ. ಅವಳ ಮಣಿಕಟ್ಟು, ಸಲ್ವಾರಿನ ಅಂಚು, ಚಪ್ಪಲಿಯ ಬೆರಳ ಸಂದಿ ಎಲ್ಲವನ್ನೂ ತೋಯಿಸಿ, ಧೂಳಿನ ಮೇಲೆ ದಾರಿ ಮಾಡಿಕೊಂಡು ನಾಲೆಯ ಕಡೆ ಹರಿಯಿತು. ಅಮೂಲ್ಯ ಕೊಳವೆಯನ್ನು ಹಿಡಿದೇ ಇದ್ದಳು. ಹೋಗಿ, ಎಂದಳು ಕನ್ನಡದಲ್ಲಿ. ಸ್ವರ ಹೊರಬಂತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಹೋಗಿ, ಹೊತ್ತಾಯಿತು. ಎಷ್ಟೋ ಬೆಳಗ್ಗೆ ಒಂಬತ್ತರ ಚಾರ್ಟರ್ಡ್ ಬಸ್ಸಿಗೆ ಅವನನ್ನು ಇದೇ ಮಾತು ಹೇಳಿ ಹೊರದಬ್ಬಿದ್ದಳು.

ಕೊನೆಯ ಹನಿ ಬಿದ್ದಾಗ ಓಂಪಾಲ್ ತನ್ನ ಕುಡಿಯುವ ನೀರಿನ ಮಟ್ಕಾದಿಂದ ಒಂದು ಲೋಟ ತಂದು ಆ ಹರಿದ ಹಾದಿಯ ಮೇಲೆ ಹುಯ್ದ. ಆಮೇಲೆ ಸ್ಪ್ಯಾನರ್ ಕೈಗೆ ತೆಗೆದುಕೊಂಡ.

ಫ್ಯಾನಿನ ವೈರು ಬಿಡಿಸಿ, ಬೋಲ್ಟು ಕಳಚಿ ರೇಡಿಯೇಟರನ್ನೇ ಎತ್ತಿ ತಲೆಕೆಳಗಾಗಿ ನಿಲ್ಲಿಸಿದ. ಯೂನಿಯನ್ನಿನ ಮಾತಾಡಿದ್ದ ಆಟೋದವನು ಪಂಕ್ಚರ್ ಅಂಗಡಿಯ ನಲ್ಲಿಯಿಂದ ಪೈಪು ಎಳೆದು ತಂದ. ನೀರು ಯಾವ ಕಡೆಯಿಂದ ಇಳಿಯಬೇಕಿತ್ತೋ ಅದಕ್ಕೆ ಎದುರು ಕಡೆಯಿಂದ ಬಿಟ್ಟರು. ಮೊದಲು ಬರೀ ರಾಡಿ. ಆಮೇಲೆ ನಳಿಗೆಗಳ ಬಾಯಲ್ಲಿ ಸಾಲಾಗಿ ಸಿಕ್ಕಿಕೊಂಡಿದ್ದ ಎಳ್ಳು ಮುದ್ದೆಮುದ್ದೆಯಾಗಿ ಹೊರಬಿತ್ತು. ಒಂದು ದರ್ಭೆಯ ತುಂಡು ಬಂತು. ಓಂಪಾಲ್ ಅಲ್ಲಾಡಿಸಿ, ತಟ್ಟಿ, ಮತ್ತೆ ನೀರು ಬಿಟ್ಟ. ಅಮೂಲ್ಯ ಹೇಳಿಸಿಕೊಳ್ಳದೆಯೇ ಹಿಂದಿನ ಗಲ್ಲಿಯ ಬಿಡಿಭಾಗದ ಅಂಗಡಿಗೆ ಓಡಿ ಹೊಸ ಮುಚ್ಚಳವನ್ನೂ ಒಂದು ಡಬ್ಬಿ ಹಸಿರು ಕೂಲೆಂಟನ್ನೂ ತಂದಳು. ಓಡಿದಳು ಎಂಬುದು ವಾಪಸ್ ಬಂದು ಏದುಸಿರು ಬಿಡುವಾಗ ಗೊತ್ತಾಯಿತು.

ಎಲ್ಲ ಜೋಡಿಸಿ, ಕೂಲೆಂಟನ್ನು ಒಳ್ಳೆಯ ನೀರಿನಲ್ಲಿ ಕಲಸಿ ತುಂಬಿ, ಮುಚ್ಚಳ ತೆಗೆದೇ ಎಂಜಿನ್ ಹಚ್ಚಿಸಿದ. ಒಳಗೆ ಸಿಕ್ಕಿದ್ದ ಗಾಳಿ ಗುಳುಗುಳು ಎಂದು ಹೊರಬಂತು. ಗುಳ್ಳೆ ನಿಲ್ಲುವವರೆಗೂ ಕಾದು, ಇಳಿದಷ್ಟು ಮತ್ತೆ ತುಂಬಿ ಮುಚ್ಚಳ ಬಿಗಿದ. ಕೆಳಗಿನ ಕೊಳವೆ ಹಿಡಿದು ನೋಡಿದ. ಅವಳ ಕೈಯನ್ನೂ ಹಿಡಿಸಿದ. ಬಿಸಿಯಾಗಿತ್ತು.

"ಇಳೀತಿದೆ. ಆದ್ರೆ ಪೂರ್ತಿ ತೆರೆದಿಲ್ಲ. ಒಳಗೆ ಇನ್ನೂ ಅಷ್ಟಿಷ್ಟು ಕೂತಿದೆ, ಅದಕ್ಕೆ ಒಂದು ದಿನ ಬೇಕು. ಇವತ್ತಿಗೆ ಒಂದು ಉಪಾಯ ಹೇಳ್ತೀನಿ, ಬೈಬೇಡಿ. ಹೀಟರ್ ಹಾಕ್ಕೊಂಡು ಓಡಿಸಿ."

"ಹೀಟರ್?"

"ಜೂನ್ ತಿಂಗಳಲ್ಲಿ ಹೀಟರ್. ಅದೂ ಒಂದು ಸಣ್ಣ ರೇಡಿಯೇಟರೇ. ಎಂಜಿನ್ನಿನ ಬಿಸಿನ ನಿಮ್ಮ ಕಡೆ ಎಳಕೊಳ್ಳುತ್ತೆ. ಕಿಟಕಿ ಪೂರ್ತಿ ಇಳಿಸಿ. ಮುಳ್ಳು ಮುಕ್ಕಾಲು ದಾಟಿದರೆ ನಿಲ್ಲಿಸಿಬಿಡಿ, ಹಟ ಮಾಡಬೇಡಿ. ಹಟ ಮಾಡಿದರೆ ಆಗ ನಿಜವಾಗ್ಲೂ ಹೆಡ್ ಹೋಗುತ್ತೆ."

ಅವನು ಕೇಳಿದಷ್ಟು ಕೊಟ್ಟು ಹೊರಟಾಗ ಒಂದೂ ಹತ್ತು.

ಹೊರಗೆ ನಲವತ್ತಮೂರು ಡಿಗ್ರಿ. ಒಳಗೆ ಎಷ್ಟೋ. ಕಾಲ ಬುಡದಿಂದ ಎದ್ದ ಬಿಸಿಗಾಳಿ ಮೊಣಕಾಲು ಸುಟ್ಟು ಮುಖಕ್ಕೆ ಹೊಡೆಯುತ್ತಿತ್ತು. ಐಟಿಓ ಸೇತುವೆ ಬಂತು, ಹೋಯಿತು. ಇಂಡಿಯಾ ಗೇಟಿನ ವೃತ್ತದಲ್ಲಿ ದಾರಿ ತಪ್ಪಿ ಎರಡು ಸುತ್ತು ಹಾಕಿದಳು. ಹಿಂದಿನ ಬಸ್ಸು ಹಾರ್ನ್ ಬಾರಿಸಿ ಅಮ್ಮ ಅಕ್ಕಂದಿರನ್ನೆಲ್ಲ ನೆನೆಸಿಕೊಂಡಿತು. ಚಾಣಕ್ಯಪುರಿಯ ನೆರಳಿನ ರಸ್ತೆಯಲ್ಲಿ ಮುಳ್ಳು ನಡುವಿಗಿಂತ ಒಂದು ಕೂದಲು ಕೆಳಗಿತ್ತು. ಧೌಲಾಕುವಾಂನಲ್ಲಿ ಎಲ್ಲವೂ ನಿಂತಿತು. ಮುಂದೆಲ್ಲೋ ಹಡ್ತಾಲಿನವರು ರಸ್ತೆಗಡ್ಡ ಕೂತಿದ್ದರು. ಮುಳ್ಳು ಅರ್ಧ ದಾಟಿತು. ಅವಳು ಎಂಜಿನ್ ಆರಿಸಿದಳು. ಮುಂದಿನ ಕಾರು ಹತ್ತಡಿ ಸರಿದಾಗ ಹಚ್ಚಿದಳು. ಬ್ಯಾಟರಿ ಕೈಕೊಟ್ಟರೆ ಇಲ್ಲಿ ತಳ್ಳುವವರಾರು ಎಂದು ಆಮೇಲೆ ಆರಿಸಲೂ ಹೆದರಿದಳು. ಮುಕ್ಕಾಲಿಗೆ ಒಂದು ಗೆರೆ ಬಾಕಿ. "ಇಳಿ," ಎಂದಳು ಮುಳ್ಳಿಗೆ. "ಇಳಿ. ನಿನ್ನ ದಮ್ಮಯ್ಯ, ಇಳಿ." ಹದಿನಾಲ್ಕು ದಿನದಲ್ಲಿ ಅವಳು ದೇವರನ್ನೂ ಹೀಗೆ ಬೇಡಿರಲಿಲ್ಲ. ಕಣ್ಣು ಉರಿಯುತ್ತಿತ್ತು, ನಾಲಗೆ ಅಂಗುಳಿಗೆ ಅಂಟಿತ್ತು. ಪೊಲೀಸಿನವನು ಕೋಲು ಬೀಸಿ ಒಂದು ಸಾಲು ಬಿಟ್ಟ. ಅವಳು ಆ ಸಾಲಿನಲ್ಲಿದ್ದಳು.

ಕಂಟೋನ್ಮೆಂಟಿನ ಖಾಲಿ ರಸ್ತೆಯಲ್ಲಿ ಗಾಳಿ ಹೊಡೆದು ಮುಳ್ಳು ಮೆಲ್ಲಗೆ, ಮನಸ್ಸಿಲ್ಲದ ಮನಸ್ಸಿನಿಂದ, ಹಿಂದೆ ಸರಿಯಿತು.

ಜನಕಪುರಿಯ ಆ ಮನೆಯ ಮುಂದೆ ಕಾರು ನಿಂತಾಗ ಎರಡೂ ಇಪ್ಪತ್ತು. ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸೀತಮ್ಮ ಕೂತಿದ್ದರು, ಮುಖ ಊದಿ ಕಣ್ಣು ಸಣ್ಣಗಾಗಿ. ರತ್ನಪ್ರಭಾ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ರಸ್ತೆಯ ನಡುವೆ ನಿಂತು ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿಯುತ್ತಿದ್ದವರು ದಕ್ಷಿಣಾಮೂರ್ತಿ. ನಿವೃತ್ತ ಅಂಡರ್ ಸೆಕ್ರೆಟರಿ, ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಬಾತ್‌ರೂಮಿನ ಚಪ್ಪಲಿ. ತಮ್ಮದೇ ಕಾರು ಗುರುತು ಸಿಗದೆ ಅದಕ್ಕೂ ಕೈ ಅಡ್ಡ ಹಿಡಿದರು.

ಅಮೂಲ್ಯ ಇಳಿದಳು. ಬಟ್ಟೆಯೆಲ್ಲ ಬೆವರಿಗೆ ಮೈಗಂಟಿತ್ತು.

"ನೀನಮ್ಮಾ! ನೀನೊಬ್ಬಳೇ..." ಅವರು ಹತ್ತಿರ ಬಂದು ಹೆಂಡತಿಗೆ ಬೆನ್ನು ಮಾಡಿ ಪ್ರಾಣ ಹೋಗುವವರ ಹಾಗೆ ಪಿಸುಗುಟ್ಟಿದರು. "ಅವಳಿಗೆ ಪೃಥ್ವಿಯ ವಿಷಯ ಹೇಳಿಲ್ಲ. ಅವನನ್ನ ಮಗ ಅಂತಾಳೆ. ಡಾಕ್ಟರು ಏನೂ ಹೇಳಬೇಡಿ ಅಂದ್ರು. ಅದಕ್ಕೇ ನಾನು ಕಾರು ಕೇಳೋಕೂ ಆಗಲಿಲ್ಲ, ಹದಿಮೂರಕ್ಕೆ ಬರೋಕೂ ಆಗಲಿಲ್ಲ. ಕ್ಷಮಿಸಮ್ಮ."

ಅವಳು ದುಪಟ್ಟಾವನ್ನು ತಾಳಿಯಿಲ್ಲದ ಕೊರಳಿನ ಸುತ್ತ ಎಳೆದುಕೊಂಡಳು.

"ಯಾರದು, ಅಮೂಲ್ಯನಾ?" ಸೀತಮ್ಮನ ಮಾತು ತುಂಡುತುಂಡಾಗಿ ಬಂತು. "ಎಲ್ಲಿ ಅವನು? ಎರಡು ದಿನಕ್ಕೆ ಅಂತ ಕಾರು ತಗೊಂಡು ಹೋದ. ಹದಿನೈದು ದಿನ ಆಯ್ತು, ಪತ್ತೆಯಿಲ್ಲ. ಬರ್ಲಿ, ಕಿವಿ ಹಿಂಡ್ತೀನಿ. ಇದೇನೇ ನಿನ್ನ ಹಣೆ, ಬೋಳಾಗಿದೆ?"

"ಬೆವರು ಅಮ್ಮಾ. ಎಲ್ಲಾ ಅಳಿಸಿಹೋಗಿದೆ."

ಅವಳೂ ರತ್ನಪ್ರಭಾ ಅವರೂ ಎರಡು ಕಡೆ ಹಿಡಿದು ಸೀತಮ್ಮನನ್ನು ಎಬ್ಬಿಸಿದರು. ಮುಂದಿನ ಸೀಟಿಗೆ ಒಂದೊಂದೇ ಕಾಲು ಎತ್ತಿಡಿಸಿದರು. ಒಳಗಿನ ಝಳಕ್ಕೆ ಸೀತಮ್ಮ ಮುಖ ಹಿಂಡಿದರು.

"ಸಾರ್," ಎಂದಳು ಅಮೂಲ್ಯ ದಕ್ಷಿಣಾಮೂರ್ತಿಗೆ, "ಹೀಟರ್ ಆರಿಸಬೇಡಿ. ಕಿಟಕಿ ತೆರೆದೇ ಇರಲಿ. ಮುಳ್ಳು ಮುಕ್ಕಾಲು ದಾಟದ ಹಾಗೆ ನೋಡ್ಕೊಳ್ಳಿ. ನಾಳೆ ರೇಡಿಯೇಟರ್ ಬಿಚ್ಚಿ ಪೂರ್ತಿ ತೊಳೆಸಬೇಕು."

"ಹೀಟರಾ? ಈ ಬಿಸಿಲಲ್ಲಿ?" ಸೀತಮ್ಮ ಒಳಗಿಂದಲೇ ಕೇಳಿದರು. "ಯಾವ ಬುದ್ಧಿವಂತ ಹೇಳಿದ್ದೇ?"

ಅಮೂಲ್ಯ ಕೀಲಿಕೈಯನ್ನು ದಕ್ಷಿಣಾಮೂರ್ತಿಯ ಅಂಗೈಯಲ್ಲಿಟ್ಟಳು. ಅವರ ಬೆರಳುಗಳನ್ನು ತಾನೇ ಮಡಿಸಿದಳು.

"ಅವರೇ ಅಮ್ಮಾ," ಎಂದಳು. "ತಡ ಆಯ್ತು, ಬೈಬೇಡಿ ಅಂತ ಹೇಳಿ ಕಳಿಸಿದ್ದಾರೆ."